ಪೆಟ್ರೋಲ್ ಸೋಸಿದ ಬಟ್ಟೆ

ಹುಕ್ಕೇರಿ, ೧೪ ಜುಲೈ ೧೯೫೯, ಮಂಗಳವಾರ

ನೀರು ಸೋಸಿದ್ದಾಯಿತು. ಬಟ್ಟೆಯನ್ನು ತಿರುವಿ ಜಾಲಿಸಿ ಬಾವಿಗೇ ಬಿಟ್ಟೆ. ಈ ಕೆಲಸ ಗುಡ್ಡವ್ವನ ಕೈಗೆ ಕೊಡುವುದಿಲ್ಲ. ಇಷ್ಟು ವರ್ಷ ಈ ಮನೆಯ ಕಸ ಮುಸುರೆ ಮಾಡಿದರೂ ಅವಳಿಗೆ ತಿಳಿದಿಲ್ಲ— ಬಟ್ಟೆಯಲ್ಲಿ ಉಳಿದ ಜೀವ ತಾನು ಬಂದ ಬಾವಿಗೇ ಹೋಗಬೇಕು, ಬೇರೆ ಬಾವಿಗೆ ಬಿಟ್ಟರೆ ಹಿಂಸೆ. "ಹುಳಕ್ಕೇನ ತನ್ನ ಕೇರಿ ಗುರುತು ಇರತೈತೇನ್ರಿ ಅಕ್ಕಾರ" ಎಂದು ನಗುತ್ತಾಳೆ.

ಮಧ್ಯಾಹ್ನದ ಹೊತ್ತಿಗೆ ದಡ್ಡಿ ಊರಿನಿಂದ ಚಕ್ಕಡಿ ಬಂತು. ಮೇಲೆ ಹಗ್ಗ ಬಿಗಿದ ಮೋಟಾರ್ ಸೈಕಲ್. ಡಾಕ್ಟರ್ ಆಬಾಸಾಹೇಬರದು. ಲಡಾಯಿ ಕಾಲದ ಮಿಲ್ಟ್ರಿ ಗಾಡಿ, ಪುಣೆಯ ಹರಾಜಿನಲ್ಲಿ ಹಿಡಿದದ್ದು, ಈಗ ಎರಡು ವರ್ಷದಿಂದ ಕೆಟ್ಟು ನಿಂತಿದೆ. ಮಗ ಕುಂಥು ಚಕ್ಕಡಿಯ ಸುತ್ತ ತಿರುಗಿ ತಿರುಗಿ ನೋಡಿದ. ಬಸದಿಯಲ್ಲಿ ಪ್ರದಕ್ಷಿಣೆ ಹಾಕುವಾಗ ಅವನಲ್ಲಿ ಇಷ್ಟು ಭಕ್ತಿ ಕಂಡಿಲ್ಲ.

ಇರುವವನು ಒಬ್ಬನೇ ಮಗ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರಿಕೆ ಇತ್ತು, ಹೋದ ವರ್ಷ ಬಿಟ್ಟ. ನಮ್ಮ ಯಜಮಾನರು ಬೆಲ್ಲ ಇಡುತ್ತಿದ್ದ ಕೋಣೆಯಲ್ಲಿ ಈಗ ನಟ್ಟು, ಬೋಲ್ಟು, ಗ್ರೀಸು. ಅವರು ಇದ್ದಿದ್ದರೆ... ಇರಲಿ.

ಇದೇ ಮೊದಲ ದೊಡ್ಡ ಗಾಡಿ. ಇದು ಓಡಿದರೆ ಸುತ್ತಲಿನ ಗಾಡಿಗಳೆಲ್ಲ ತನ್ನ ಕಡೆಗೇ ಬರುತ್ತವೆ ಎನ್ನುತ್ತಾನೆ. ಓಡದಿದ್ದರೆ? ನಾನು ಕೇಳಲಿಲ್ಲ. ಬಸದಿಯಲ್ಲಿ ಹೆಂಗಸರು ಕೇಳಿದರು. "ಏನ್ರಿ ಇಂದುಬಾಯಿ, ಮಾಸ್ತರ ಕೈಯಾಗಿನ ಬರಿಯೂ ಖಡು ಹೋಗಿ ನಟ್ಟ ತಿರುವೂ ಪಾನಾ ಬಂತಂತಲ್ಲರಿ." ನನ್ನ ಮಗ ಕೈ ಹಾಕಿದ್ದು ಕೆಡುವುದಿಲ್ಲ ಎಂದು ಹೇಳಿ ಬಂದೆ.

೧೯ ಜುಲೈ, ಭಾನುವಾರ

ಇಂದಿನಿಂದ ಚಾತುರ್ಮಾಸ. ಒಪ್ಪತ್ತು ಊಟ. ಹಸಿರು ಕಾಯಿಪಲ್ಲೆ ಇಲ್ಲ. ಸುಳ್ಳು ಆಡುವುದಿಲ್ಲ ಎಂದೂ ನೇಮ ಹಿಡಿದೆ. ಕೊನೆಯದು ನನಗೆ ಕಷ್ಟವಲ್ಲ.

ಮನೆ ಶುದ್ಧಿ ಮಾಡುತ್ತ ಕುಂಥುವಿನ ಕೋಣೆಗೂ ಹೋದೆ. ಅವನು ಗೋಕಾಕಕ್ಕೆ ಹೋಗಿದ್ದ, ಯಾವುದೋ ಬುಶ್ ಲೇಥಿಗೆ ಹಾಕಿಸಲು. ಹಗ್ಗದ ಮೇಲೆ ಹಳದಿ ಬಟ್ಟೆ ಒಣಗುತ್ತಿತ್ತು. ಮೊಲದ ಕಿವಿಯಷ್ಟು ಮೆತ್ತಗೆ. ಒಳ್ಳೆಯ ಫ್ಲಾನೆಲ್ ಎಂದುಕೊಂಡೆ. ದೇವರ ಹಿತ್ತಾಳೆ ಸಾಮಾನು ಒರೆಸಲು ಆದೀತೆಂದು ಹೆಗಲಿಗೆ ಹಾಕಿಕೊಂಡು ಬಂದೆ. ರಾಜಮತಿ ಅಡಿಗೆಮನೆಯ ಬಾಗಿಲಲ್ಲೇ ತಡೆದಳು.

"ಅತ್ತಿ, ಅದನ್ನ ಕೆಳಗ ಇಡ್ರಿ."

"ಯಾಕ?"

"ಅದು ಶಾಮಿರಿ. ಪೆಟ್ರೋಲ್ ಸೋಸೂದು."

"ಶಾಮಿ ಅಂದ್ರ ಎಂಥಾ ಅರಿವಿ?"

ಸೊಸೆ ನೆಲ ನೋಡಿದಳು. "ಅರಿವಿ ಅಲ್ಲರಿ. ಕುರಿ ತೊಗಲು."

ಉಟ್ಟ ಸೀರೆಯಲ್ಲೇ ತಣ್ಣೀರು ಸುರಿದುಕೊಂಡೆ. ಹೆಗಲು ತಿಕ್ಕಿ ತಿಕ್ಕಿ ಕೆಂಪಾಯಿತು. ಗುಡ್ಡವ್ವನನ್ನು ಕರೆದು, ಇಕ್ಕಳದಲ್ಲಿ ಹಿಡಿದು ಊರ ಹೊರಗೆ ಒಗೆದು ಬಾ ಎಂದೆ. ನನ್ನ ಪೆಟ್ಟಿಗೆಯಿಂದ ಹೊಸ ಸೋಸುಬಟ್ಟೆ ತೆಗೆದು ರಾಜಮತಿಗೆ ಕೊಟ್ಟೆ. ದಪ್ಪ ಖಾದಿ, ಎರಡು ಪದರ. ಕಣ್ಣಿಗೆ ಕಾಣದ ಜೀವವನ್ನು ತಡೆಯುವ ಬಟ್ಟೆ ಪೆಟ್ರೋಲಿನ ಕಸವನ್ನು ತಡೆಯದೇ?

"ಅವರಿಗೆ ಹೇಳಬೇಕಲ್ಲರಿ ಅತ್ತಿ?"

"ಲಾಳಿಕಿ ಹಿಡಿಯೂದು ನೀ, ಸೋಸೂದು ನೀ. ಅಂವಗ್ಯಾಕ ಹೇಳಬೇಕು? ಮನಿಯೊಳಗ ತೊಗಲ ತಂದಾಗ ಅಂವ ನನಗ ಹೇಳಿದ್ನೇನು?"

ಮೂಡಲಗಿಯ ತವರಿನಿಂದ ಬಂದಾಗಿನಿಂದಲೂ ರಾಜಮತಿ ಎದುರಾಡಿದವಳಲ್ಲ. ಬಟ್ಟೆ ಮಡಿಸಿಕೊಂಡು ಹೋದಳು.

೨೪ ಜುಲೈ

ಗಾಡಿ ಶುರುವಾಯಿತು. ಬಸದಿಯ ಮೇಲಿನ ಪಾರಿವಾಳಗಳೆಲ್ಲ ಎದ್ದು ಹಾರಿದವು. ಓಣಿಯವರೆಲ್ಲ ಬಾಗಿಲಿಗೆ ಬಂದರು.

ಬರೀ ರಿಪೇರಿ ಅಲ್ಲ. ಹಿಂದೆ ಕಬ್ಬಿಣದ ಕ್ಯಾರಿಯರ್ ಕೂಡಿಸಿದ್ದಾನೆ, ಡಾಕ್ಟರರ ಔಷಧದ ಪೆಟ್ಟಿಗೆಗೆ. ಸೈಲೆನ್ಸರ್ ಬಾಗಿಸಿ ಮೇಲೆ ಎತ್ತಿದ್ದಾನೆ. ದಡ್ಡಿ ಹಾದಿಯಲ್ಲಿ ಹಳ್ಳ ದಾಟುವಾಗ ನೀರು ಒಳಗೆ ಹೋಗಬಾರದಂತೆ.

"ಅವ್ವಾ, ಕ್ಯಾರಿಯರ್ ಮ್ಯಾಲೆ ಕುಂಡ್ರು. ಬಸದೀ ತನಕಾ ಬಿಟ್ಟ ಬರತೇನಿ."

"ನನ್ನ ಹೆಣಾನೂ ಅದರ ಮ್ಯಾಲೆ ಹೋಗೂದಿಲ್ಲ."

ನಕ್ಕ. ಒಳಗೆ ಬಂದು ದೇವರ ಮುಂದೆ ಒಂದು ಹಿಡಿ ಸಕ್ಕರೆ ಇಟ್ಟೆ. ಅವನಿಗೆ ಕಾಣಿಸಲಿಲ್ಲ.

೩೦ ಜುಲೈ

ಮಳೆ ಹಿಡಿದಿದೆ. ಗಾಡಿ ಕೆಮ್ಮುತ್ತಿದೆ. ಹತ್ತುತ್ತದೆ, ಎರಡು ಮಾತು ಆಡುತ್ತದೆ, ನಿಲ್ಲುತ್ತದೆ. ಪ್ಲಗ್ ಬದಲಿಸಿದ. ಮ್ಯಾಗ್ನೆಟೊ ಬಿಚ್ಚಿ ಒಲೆಯ ಬಾಜೂ ಇಟ್ಟು ಒಣಗಿಸಿದ— ನನ್ನ ಒಲೆ. ರಾಜಮತಿ ರೊಟ್ಟಿ ಬಡಿಯುತ್ತ ನನ್ನ ಕಡೆ ಒಮ್ಮೆ ನೋಡಿದಳು. ಯಾಕೆ ನೋಡಿದಳು?

೩ ಆಗಸ್ಟ್, ಸೋಮವಾರ. ಮಧ್ಯಾಹ್ನ

ಕುಂಥು ಗಾಡಿ ತೆಗೆದುಕೊಂಡು ದಡ್ಡಿ ಹಾದಿಗೆ ಹೋಗಿದ್ದಾನೆ. ಟ್ರಾಯಲ್ ಅಂತೆ. ಬೇಡ, ಮಳೆ ಇದೆ ಎಂದೆ. ಡಾಕ್ಟರ್ ಮಳೆಯಲ್ಲೇ ಓಡಿಸುವವರು ಎಂದ.

ಸಂಜೆ ನಾಲ್ಕು

ಇನ್ನೂ ಇಲ್ಲ. ದಡ್ಡಿ ಕಡೆಯ ಬಸ್ಸು ಬಂತು. ಗುಡ್ಡವ್ವನನ್ನು ಕಳಿಸಿ ಕಂಡಕ್ಟರನಿಗೆ ಕೇಳಿಸಿದೆ. ಹಳ್ಳ ಏರಿದೆ ಎಂದನಂತೆ. ಮೋಟಾರ್ ಸೈಕಲ್ ಕಂಡೆಯಾ ಎಂದರೆ, "ಮಳ್ಯಾಗ ಏನ ಕಾಣತೈತವ್ವ" ಎಂದನಂತೆ. ಜಪಕ್ಕೆ ಕೂತೆ. ಮಣಿ ಎಲ್ಲಿ ಬಿಟ್ಟೆ ಎಂದು ಮತ್ತೆ ಮತ್ತೆ ಮರೆತೆ.

ಹೊತ್ತು ಮುಳುಗುವ ಮೊದಲು

ಬಂದ. ಯಾರದೋ ಚಕ್ಕಡಿಯಲ್ಲಿ. ಹಳ್ಳದ ನಡುವೆ ಗಾಡಿ ಗಪ್ಪನೆ ನಿಂತಿತಂತೆ, ಮಗ್ಗುಲಾಯಿತಂತೆ, ಕಾಲು ಕೆಳಗೆ ಸಿಕ್ಕಿತಂತೆ. ಹೊಲದಲ್ಲಿದ್ದವರು ಎಳೆದು ತೆಗೆದಿದ್ದಾರೆ. ಪಾದ ಬಾತು ಕುಂಬಳಕಾಯಿ ಆಗಿದೆ. ಎಲುಬು ಮುರಿದಿಲ್ಲ. ಅರಿಶಿನ ಅರೆದು ಹಚ್ಚಿದೆ. ಅವನು ಕಾಲು ನೋಡುತ್ತಿಲ್ಲ, ಗಾಡಿಯನ್ನೇ ನೋಡುತ್ತಿದ್ದಾನೆ.

ಅವನು ಊಟ ಮಾಡಲಿಲ್ಲ. ಅಷ್ಟರಲ್ಲಿ ಹೊತ್ತು ಮುಳುಗಿತ್ತು, ಮುಳುಗಿದ ಮೇಲೆ ನಾವು ಉಣ್ಣುವುದಿಲ್ಲ, ಅದೊಂದು ನೆಪ.

೪ ಆಗಸ್ಟ್

ಕಾಲು ಚಾಚಿ ಕೂತು ಕಾರ್ಬೊರೇಟರ್ ಬಿಚ್ಚಿದ. ಅದರ ಕೆಳಗೆ ಸಣ್ಣ ಬಟ್ಟಲು ಇದೆ. ನನ್ನನ್ನು ಕರೆದ. ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ, ಹಾಗೇ ಹೋದೆ.

"ನೋಡಿಲ್ಲಿ. ತಳದಾಗ ಮಣಿಯಂಗ ಕುಂತೈತಲ್ಲ, ಅದು ನೀರು. ಅದಕ್ಕ ಗಾಡಿ ನಿಂತೈತಿ."

"ಸೋಸಿದ ಮ್ಯಾಲೂ ಹ್ಯಾಂಗ ಬರತೈತಿ?"

"ಅದ ನನಗೂ ತಿಳೀವಲ್ದು. ಕಸ ಹಿಡಿಯಾಕ ಯಾವ ಅರಿವಿ ಆದ್ರೂ ನಡೀತೈತಿ, ಅವ್ವಾ. ಶಾಮಿ ಇರೂದು ನೀರಿಗೆ. ಒಮ್ಮೆ ಪೆಟ್ರೋಲ್‌ದಾಗ ತೋಯಿಸಿದ್ರ ಪೆಟ್ರೋಲ್ ಅಷ್ಟ ಕೆಳಗ ಬಿಡತೈತಿ, ನೀರು ಮ್ಯಾಲ ನಿಲ್ಲಸತೈತಿ. ಅರಿವಿ ಎರಡೂ ಬಿಟ್ಟ ಬಿಡತೈತಿ."

ಕೈಗೆ ಹತ್ತಿದ ಹಿಟ್ಟು ಒಣಗುವ ತನಕ ನಿಂತಿದ್ದೆ. ಬಾಗಿಲಲ್ಲಿ ರಾಜಮತಿ. ಒಬ್ಬರನ್ನೊಬ್ಬರು ನೋಡಲಿಲ್ಲ.

ಆಗ ಹೇಳಬಹುದಿತ್ತು. ಬಾಯಿ ತೆರೆದೆ. ಅಷ್ಟರಲ್ಲಿ ಅವನೇ ಅಂದ, "ಶಾಮೀನೂ ದಾಟಿ ಬಂದೈತಿ ಅಂದ್ರ ಹನಿ ಅಲ್ಲ, ಪೆಟ್ರೋಲ್ ಮಾರೂ ಮಾಯಪ್ಪ ಕೊಡಗಟ್ಟಲೆ ನೀರ ಸುರದಾನ. ಬಿಡೂದಿಲ್ಲ ಅಂವನ್ನ."

ಹಳ್ಳದ ನೀರು ಒಳಗೆ ಹೋಗಬಾರದೆಂದು ಸೈಲೆನ್ಸರ್ ಎತ್ತಿದ. ನೀರು ಮನೆಯಿಂದಲೇ ಹೋಯಿತು.

೫ ಆಗಸ್ಟ್

ಕುಂಟುತ್ತ ಬಸ್ ಸ್ಟ್ಯಾಂಡಿಗೆ ಹೋದ. ಮಾಯಪ್ಪ ಅಲ್ಲೇ ತಗಡಿನ ಕೆಳಗೆ ಡ್ರಮ್ ಇಟ್ಟು ಪೆಟ್ರೋಲು, ಚಿಮಣಿ ಎಣ್ಣೆ ಮಾರುತ್ತಾನೆ. ಗುಡ್ಡವ್ವ ಬಂದು ಹೇಳಿದಳು— ಡ್ರೈವರು, ಹಮಾಲರು, ಎಲ್ಲರ ಮುಂದೆ ಕುಂಥು ಅವನ ಕೊರಳಪಟ್ಟಿ ಹಿಡಿದನಂತೆ. ಕಳ್ಳ ಎಂದನಂತೆ. ನನ್ನ ಮಗ. ಇರುವೆ ದಾಟಲೆಂದು ಕಾಲು ಎತ್ತಿ ನಿಲ್ಲುತ್ತಿದ್ದ ಮಗ.

೬ ಆಗಸ್ಟ್

ಮಾಯಪ್ಪ ಬಂದಿದ್ದ. ಕುಂಥು ಇರಲಿಲ್ಲ. ಮೆಟ್ಟಿಲ ಕೆಳಗೇ ನಿಂತ. ಎಷ್ಟು ಕರೆದರೂ ಮೇಲೆ ಬರಲಿಲ್ಲ.

"ಅಕ್ಕಾರ, ದೊಡ್ಡ ಸಾವಕಾರ್ರು ಇದ್ದಾಗಿಂದ ಈ ಮನಿಗೆ ಎಣ್ಣಿ ಕೊಟ್ಟೇನಿ. ಎಂದರ ಅಳತಿ ಕಡಿಮಿ ಬಂದೈತೇನ್ರಿ?"

"ಇಲ್ಲ."

"ಮಳಿಗಾಲದಾಗ ಡ್ರಮ್ ಬೆವರತಾವ್ರಿ. ಒಳಗ ಹನಿ ನಿಲ್ಲೂದ. ನನ್ನ ಡ್ರಮ್ ಅಷ್ಟ ಅಲ್ಲ, ಎಲ್ಲಾರದೂ. ಶಾಮಿ ಹಾಕಿದ್ರ ಮುಗದ್ಹೋತು. ಮಾಸ್ತರು ಶಾಮಿ ಹಾಕತಾರ ಹೌದಲ್ರಿ?"

"ಹಾಕತಾನ" ಎಂದೆ.

"ಹಂಗಾದ್ರ ನಾನ ಕಳ್ಳ ಇರಬೇಕ ಬಿಡ್ರಿ." ರುಮಾಲು ಸುತ್ತಿಕೊಂಡು ಹೋದ.

ಇದು ಸುಳ್ಳೇ? ಕುಂಥು ಶಾಮಿ ಹಾಕುತ್ತೇನೆಂದೇ ತಿಳಿದಿದ್ದಾನೆ. ಅವನು ತಿಳಿದದ್ದನ್ನು ನಾನು ಹೇಳಿದೆ. ನಾಲ್ಕು ಅಕ್ಷರ ಓದಿದವರಿಗೆ ಇಂಥ ಸಮಾಧಾನ ಬೇಗ ಸಿಗುತ್ತದೆ.

೨೭ ಆಗಸ್ಟ್

ಬರೆಯಲಿಲ್ಲ. ಬರೆಯುವಂಥದ್ದು ಏನೂ ಆಗಲಿಲ್ಲ ಎಂದು ಬರೆಯೋಣವೆಂದರೆ ಅದೂ ಆಗದು.

ಕುಂಥುವಿನ ಕಾಲು ಮಾಯುತ್ತಿದೆ. ಮುಖ ಇಳಿದಿದೆ. ಕಾರ್ಬೊರೇಟರ್ ಬಿಚ್ಚುತ್ತಾನೆ, ಕೂಡಿಸುತ್ತಾನೆ. ಮಾಯಪ್ಪ ಪೆಟ್ರೋಲ್ ಕೊಡುವುದಿಲ್ಲ, ಇವನು ಕೇಳುವುದಿಲ್ಲ. ಗಾಡಿ ಸುಮ್ಮನೆ ನಿಂತಿದೆ. ಶಾಮಿ ಹುಷಾರಾಗಿ ಎತ್ತಿಡು ಎಂದು ರಾಜಮತಿಗೆ ಹೇಳಿದ. "ಇಟ್ಟೇನ್ರಿ" ಎಂದಳು. ಅವಳ ಬಾಯಲ್ಲೂ ಸುಳ್ಳು ಹಾಕಿದೆ.

ಡಾಕ್ಟರ್ ಆಬಾಸಾಹೇಬರು ಬಂದು ಹೋದರು. ಒಳ್ಳೆಯ ಮನುಷ್ಯ, ದನಿ ಎತ್ತಲಿಲ್ಲ. "ಮಾಸ್ತರ, ಕ್ಷಮಾವಳಿ ಹಬ್ಬದ ತನಕಾ ನೋಡತೇನಿ. ಆಮ್ಯಾಲ ಗಾಡಿ ಬೆಳಗಾವಿಗೆ ಕಳಸತೇನಿ. ಹಳ್ಳದ ಆಚಿ ಕಡೆ ಒಬ್ಬಾಕಿ ಹೆರಿಗಿಗೆ ಚಕ್ಕಡ್ಯಾಗ ಹೋದೆ. ನಾ ಮುಟ್ಟೂದ್ರಾಗ ಕೂಸು ಹುಟ್ಟಿ ತಣ್ಣಗಾಗಾಕ ಹತ್ತಿತ್ತು. ಪುಣ್ಯಾ, ಉಳೀತು. ಪ್ರತೀ ಸಲ ಉಳೀಬೇಕಲ್ಲ."

ಕುಂಥು ತಲೆ ತಗ್ಗಿಸಿದ. ನಾನು ಅವರಿಗೆ ಬೆಲ್ಲದ ಪಾನಕ ಕೊಟ್ಟೆ. ಲೋಟ ತುಂಬಿ ಚೆಲ್ಲಿತು.

ಬಸ್ ಸ್ಟ್ಯಾಂಡಿನಲ್ಲಿ ಹುಡುಗರು 'ನೀರ ಮಾಯಪ್ಪ' ಎಂದು ಕೂಗುತ್ತಾರಂತೆ. ಲಾರಿಯವರು ಅವನ ಮುಂದೆ ನಿಲ್ಲಿಸುತ್ತಿಲ್ಲವಂತೆ.

೧೦ ಸೆಪ್ಟೆಂಬರ್, ಗುರುವಾರ

ದಶಲಕ್ಷಣದ ಮೂರನೆಯ ದಿನ. ಬಸದಿಯಲ್ಲಿ ಹೆಂಗಸರಿಗೆ ಓದಿ ಹೇಳುವವಳು ನಾನೇ. ಇವತ್ತಿನ ಧರ್ಮ ಉತ್ತಮ ಆರ್ಜವ, ನೇರ ನಡೆ. ಮನಸ್ಸಿನಲ್ಲಿದ್ದದ್ದು ಮಾತಿನಲ್ಲಿ, ಮಾತಿನಲ್ಲಿದ್ದದ್ದು ನಡತೆಯಲ್ಲಿ... ಅಲ್ಲಿಗೆ ಓದು ನಿಲ್ಲಿಸಿದೆ. ನೀರು ತರಿಸಲೇ ಎಂದರು ಯಾರೋ. ಉಪವಾಸದ ನಿಶ್ಶಕ್ತಿ ಎಂದುಕೊಂಡರು. ಅಷ್ಟು ಕಠಿಣ ವ್ರತವೇ ಎಂದು ಒಬ್ಬಳು ನನ್ನ ಕಾಲಿಗೆ ನಮಸ್ಕರಿಸಿದಳು. ಕಾಲು ಹಿಂದೆ ತೆಗೆದುಕೊಂಡೆ.

೧೫ ಸೆಪ್ಟೆಂಬರ್

ಕುಂಥು ಸಂಕೇಶ್ವರಕ್ಕೆ ಹೋಗಿ ಡಬ್ಬಿಯಲ್ಲಿ ಪೆಟ್ರೋಲ್ ತಂದ. ನಾಡಿದ್ದು ಬೆಳಿಗ್ಗೆ ತುಂಬಿಸಿ ಸೀದಾ ದಡ್ಡಿಗೆ ಹೋಗುತ್ತಾನಂತೆ. ಮಳೆ ನಿಂತಿಲ್ಲ. ಹಳ್ಳ ಇಳಿದಿಲ್ಲ. ಬಟ್ಟೆಯಲ್ಲೇ ಸೋಸಿದರೆ ಮತ್ತೆ ನಡು ಹಳ್ಳದಲ್ಲಿ...

ಗುಡ್ಡವ್ವನನ್ನು ಹಿತ್ತಲಿಗೆ ಕರೆದೆ. ಅವತ್ತಿನ ತೊಗಲು ಎಲ್ಲಿ ಒಗೆದೆ ಎಂದೆ. ಕಿವಿ ತುರಿಸಿಕೊಂಡಳು.

"ಬೈಯಬಾರ್ದರಿ ಅಕ್ಕಾರ. ಒಗೀಲಿಲ್ಲ. ಅಷ್ಟ ಮೆತ್ತಂದು ಯಾರರ ಒಗೀತಾರೇನ್ರಿ? ಮೊಮ್ಮಗನ ತಲಿಗೆ ಕುಂಚಿಗಿ ಹೊಲಸೂಣಂತ ಇಟ್ಟೆ. ಪೆಟ್ರೋಲ್ ನಾತಕ್ಕ ಕೂಸು ಸೀನಾಕ ಹತ್ತಿತು. ಗ್ವಾಡ್ಯಾಗಿನ ಮಾಡದಾಗ ಐತಿ."

ಅವಳಿಗೆ ಬೈಯಲಿಲ್ಲ. ಬಹಳ ದಿನಗಳ ಮೇಲೆ ಉಸಿರು ಸಲೀಸಾಗಿ ಬಂತು. ತರಿಸಿದೆ. ರಾಜಮತಿಗೆ ಹೇಳಿದೆ— ನಾಡಿದ್ದು ಇದನ್ನೇ ಲಾಳಿಕೆಯಲ್ಲಿ ಹಾಕು, ಏನೂ ಆಗಿಲ್ಲದ ಹಾಗೆ ಇರು. ಗಾಡಿ ಓಡುತ್ತದೆ, ಡಾಕ್ಟರರಿಗೆ ಮುಟ್ಟುತ್ತದೆ, ಮುಗಿಯಿತು.

ಅವಳು ಶಾಮಿ ಮುಟ್ಟಲಿಲ್ಲ.

"ಅತ್ತಿ, ಮಾಯಪ್ಪನ ಪೆಟ್ರೋಲ್‌ಗೆ ಗಾಡಿ ನಿಂತಿತ್ತು. ಸಂಕೇಶ್ವರದ್ದಕ್ಕ ಓಡಿತು ಅಂದ್ರ ಊರು ಏನಂತೈತ್ರಿ?"

ಶಾಮಿಯನ್ನು ಅವಳ ಮುಂದೆ ಇನ್ನಷ್ಟು ಸರಿಸಿದೆ.

"ಇಷ್ಟ ದಿನಾ ಅಂವ ಕಳ್ಳ ಹೌದೋ ಅಲ್ಲೋ ಅಂತಿದ್ರು. ಇನ್ನ ಖರೇನ ಕಳ್ಳ ಆಗತಾನ. ನಾ ಹಾಕೂದಿಲ್ಲರಿ. ಹಾಕೂದಿದ್ರ ನೀವ ಹಾಕ್ರಿ."

ಈ ಮನೆಯಲ್ಲಿ ನನಗೆ ಯಾರೂ ಹೀಗೆ ಮಾತಾಡಿಲ್ಲ. ಹೊರಗೆ ಹಾಕುತ್ತೇನೆ ಎನ್ನಬೇಕೆಂದುಕೊಂಡೆ. ಬಾಯಿಗೆ ಬರಲಿಲ್ಲ. ಅವಳ ಕಣ್ಣು ಕೆಳಗೆ ಬೀಳಲಿಲ್ಲ.

೧೬ ಸೆಪ್ಟೆಂಬರ್

ಚತುರ್ದಶಿ. ನಿರಾಹಾರ. ಶಾಮಿ ನನ್ನ ಪೆಟ್ಟಿಗೆಯಲ್ಲಿದೆ, ಸೋಸುಬಟ್ಟೆಗಳ ಮೇಲೆ. ಪೆಟ್ಟಿಗೆ ತೆರೆದರೆ ಪೆಟ್ರೋಲ್ ವಾಸನೆ. ಬಟ್ಟೆಗಳಿಗೆಲ್ಲ ಹತ್ತಿದೆ.

ಗುಡ್ಡವ್ವ ಮುಸುರೆ ತಿಕ್ಕುತ್ತ ಅಂದಳು, "ಮಾಯಪ್ಪ ಡ್ರಮ್ ಕೊಟ್ಟಬಿಟ್ಟಾನಂತ್ರಿ. ಗೋಕಾಕ ಮಿಲ್ಲಿನ್ಯಾಗ ಅಳಿಯಾ ಅದಾನ, ಅಲ್ಲಿ ಹೊಂಟಾನ. ನಾಳೆ ಮುಂಜಾನಿ ಬಸ್ಸಿಗೆ."

"ಹೆಂಡ್ತಿ ಮಕ್ಕಳು?"

"ಎಲ್ಲಾ ಗಂಟು ಕಟ್ಯಾರ್ರಿ. ಇನ್ನ ಈ ಊರಿಗೆ ಬರೂದಿಲ್ಲಂತ."

ಆಮೇಲೆ ಏನು ಮಾಡಿದೆ ನೆನಪಿಲ್ಲ. ನೀರು ಸೋಸಿದ್ದೇನೆ, ಕೊಡ ತುಂಬಿದೆ. ಸೋಸಿದ್ದು ನಾನೇ ಇರಬೇಕು.

೧೭ ಸೆಪ್ಟೆಂಬರ್, ಗುರುವಾರ. ಬೆಳಿಗ್ಗೆ

ಇವತ್ತು ಕ್ಷಮಾವಳಿ. ಬಸದಿಯಲ್ಲಿ ಒಬ್ಬರಿಗೊಬ್ಬರು ಕೈ ಮುಗಿದು ವರ್ಷದ ತಪ್ಪಿಗೆಲ್ಲ ಕ್ಷಮೆ ಕೇಳುವ ದಿನ. ಪ್ರತಿ ವರ್ಷ ನಾನು ಕಂಬದ ಬಾಜೂ ಕೂತಿರುತ್ತೇನೆ, ಎಲ್ಲರೂ ಬಂದು ಕೇಳಿ ಹೋಗುತ್ತಾರೆ. ನಾನೂ ಹೇಳುತ್ತೇನೆ. ಬಾಯಿಪಾಠ.

ಕುಂಥು ಡಬ್ಬಿ ಎತ್ತಿದ. ರಾಜಮತಿ ಲಾಳಿಕೆ ತಂದಳು. ಅವಳ ಕೈಯಿಂದ ಅದನ್ನು ತೆಗೆದುಕೊಂಡೆ. ಸೆರಗಿನಿಂದ ಶಾಮಿ ತೆಗೆದು ಹರವಿ ಹಿಡಿದೆ. ತಣ್ಣಗಿತ್ತು.

"ಅವ್ವಾ, ಅದನ್ನ ನೀ ಯಾಕ..."

"ಸುರಿ."

ಸುರಿದ. ಪೆಟ್ರೋಲ್ ಸದ್ದಿಲ್ಲದೆ ಗಾಡಿಯ ಟಾಕಿಗೆ ಇಳಿಯಿತು. ಎಲ್ಲ ಇಳಿದ ಮೇಲೆ ತೊಗಲಿನ ಮೇಲೆ ಹನಿ ಉಳಿದವು, ಕೆಸುವಿನ ಎಲೆಯ ಮೇಲೆ ಉಳಿದಂತೆ. ಕುಂಥು ಬಗ್ಗಿ ನೋಡಿದ.

"ನೀರು. ಸಂಕೇಶ್ವರದ್ದರಾಗೂ ಐತಿ."

"ಎಲ್ಲಾ ಡ್ರಮ್ಮಿನ್ಯಾಗೂ ಇರತೈತಿ. ಮಾಯಪ್ಪ ಹೇಳಿದ್ದ."

"ಮತ್ತ ಅವಾಗ ಶಾಮಿ ಹಾಕಿದ್ರೂ ಹ್ಯಾಂಗ..."

"ಅವಾಗ ಶಾಮಿ ಇರಲಿಲ್ಲ. ನನ್ನ ಸೋಸುಬಟ್ಟಿ ಇತ್ತು. ನಾನ ಹಾಕಿಸಿದ್ದೆ. ರಾಜಮತಿಗೆ ಏನೂ ಅನಬ್ಯಾಡ, ಆಕಿ ಬಾಯಿ ಕಟ್ಟಿದಾಕಿ ನಾ."

ಡಬ್ಬಿ ಕೆಳಗಿಟ್ಟ. ಸ್ಟೂಲಿನ ಮೇಲೆ ಕೂತ. ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ತನ್ನ ಅಂಗೈ ನೋಡಿಕೊಂಡ.

"ನಾ ಅಂವನ ಕೊರಳಪಟ್ಟಿ ಹಿಡದಿದ್ದೆ, ಅವ್ವಾ."

ಅಷ್ಟೇ ಅಂದ.

ಮಾಯಪ್ಪ ಊರು ಬಿಟ್ಟು ಹೊರಟಿದ್ದಾನೆ, ಬಸ್ಸು ಹೋಗುವುದರೊಳಗೆ ಮುಟ್ಟಬೇಕು ಎಂದೆ. ನೀನು ಮನೆಯಲ್ಲಿರು, ನಾನೊಬ್ಬನೇ ಹೋಗಿ ಕೈ ಮುಗಿದು ಬರುತ್ತೇನೆ ಎಂದ.

"ಬಟ್ಟ್ಯಾಗ ಉಳದದ್ದು ಬಂದ ಬಾವಿಗೇ ಹೋಗಬೇಕು. ಅಂವನ ಹೆಸರು ಹೋದದ್ದು ಬಸ್ ಸ್ಟ್ಯಾಂಡಿನ್ಯಾಗ. ಅಲ್ಲೇ ಹೇಳಬೇಕು, ನಾನ ಹೇಳಬೇಕು."

"ನಿನಗ ನಡಕೊಂಡ ಹೋಗಾಕ ಆಗೂದಿಲ್ಲ. ನಿನ್ನೆ ಉಪವಾಸ."

"ನಡಕೊಂಡ ಯಾರ ಹೊಂಟಾರ? ಕ್ಯಾರಿಯರ್ ಐತಲ್ಲ."

ಈಗ ಪ್ಲಗ್ ಒರೆಸಿ ಕೂಡಿಸುತ್ತಿದ್ದಾನೆ. ಅಷ್ಟರೊಳಗೆ ಇದನ್ನು ಬರೆಯುತ್ತಿದ್ದೇನೆ. ಕೈ ಇನ್ನೂ ಪೆಟ್ರೋಲ್ ನಾರುತ್ತಿದೆ, ತೊಳೆದಿಲ್ಲ. ಡ್ರೈವರುಗಳು, ಹಮಾಲರು, ಬಸ್ಸಿಗೆ ಕಾದವರು ಎಲ್ಲರೂ ಇರುತ್ತಾರೆ. ಬಸದಿಯ ಹೆಂಗಸರೂ ಹಾದಿಯಲ್ಲಿ ಸಿಗುತ್ತಾರೆ. ಸಿಗಲಿ. ಮಾಯಪ್ಪ ಮುಖ ತಿರುಗಿಸಿಕೊಂಡರೆ? ಹೆಂಡತಿ ಏನಾದರೂ ಅಂದರೆ? ಅನ್ನಲಿ. ಬಸ್ಸು ಹೋಗಿಬಿಟ್ಟಿದ್ದರೆ ಮಾತ್ರ...

ಕಿಕ್ ಹೊಡೆದ. ಹತ್ತಲಿಲ್ಲ. ಇನ್ನೊಮ್ಮೆ.

ಹತ್ತಿತು. ಕೆಮ್ಮುತ್ತಿಲ್ಲ.

ರಾಜಮತಿ ಕ್ಯಾರಿಯರ್ ಮೇಲೆ ಗೋಣಿಪಟ್ಟೆ ಮಡಿಸಿ ಹಾಕುತ್ತಿದ್ದಾಳೆ. ಬಸ್ ಸ್ಟ್ಯಾಂಡ್ ಕಡೆಯಿಂದ ಹಾರ್ನ್ ಕೇಳಿತು. ಬಸ್ಸು ಹತ್ತಿ ಕೂತಿರಬೇಕು ಅವನು. ಬಾಯಿಪಾಠದ ಮಾತು ಅವನಿಗೆ ತಿಳಿಯುವುದಿಲ್ಲ. ಮೊದಲು ಅವನ ಹೆಸರು ಹಿಡಿದು ಕರೆಯುತ್ತೇನೆ, ಎಲ್ಲರಿಗೂ ಕೇಳುವ ಹಾಗೆ. ಮಾಯಪ್ಪಾ ಎನ್ನುತ್ತೇನೆ. ಆಮೇಲೆ—